ಎಮುನಾ ಅಂದರೆ ನಂಬಿಕೆಯೋ ಶ್ರದ್ಧೆಯೋ? ಜೊತೆಗೆ ‘ಸಂಪ್ರದಾಯ’ದ ತೊಡಕು

ಗೆಳೆಯರೇ,

ಯೆಹೂದಿ ಮತ್ತು ಕ್ರೈಸ್ತ ಧರ್ಮಗಳಲ್ಲಿ ಹಿಂದಿನಿಂದ ಬಂದದ್ದಕ್ಕೂ ಒಬ್ಬೊಬ್ಬರ ಸ್ವಂತ ನಂಬಿಕೆಗೂ ಏನು ನಂಟು ಅನ್ನುವ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಸಂಪ್ರದಾಯ’, ‘ನಂಬಿಕೆ’, ಈ ಎರಡು ಪದ ಸಾಕು ಅಂದುಕೊಂಡಿದ್ದೆ. ಮೂರನೇ ಪುಟಕ್ಕೇ ಎರಡೂ ಕೈಕೊಟ್ಟವು.

ಮೊದಲು ನಂಬಿಕೆ. ಯೆಹೂದಿ ಧರ್ಮಗ್ರಂಥದ ಭಾಷೆಯಾದ ಹೀಬ್ರೂವಿನಲ್ಲಿ ಇದು ಎಮುನಾ. ಬೈಬಲ್ಲಿನ ವಿಮೋಚನಕಾಂಡ 17:12ರಲ್ಲಿ ಯುದ್ಧ ನಡೆಯುವಾಗ ಇಸ್ರಾಯೇಲರ ನಾಯಕ ಮೋಶೆಯ ಕೈ ಸೋಲುತ್ತದೆ, ಆರೋನ ಮತ್ತು ಹೂರ ಆಚೆ ಈಚೆ ನಿಂತು ಎತ್ತಿ ಹಿಡಿಯುತ್ತಾರೆ, ಹೊತ್ತು ಮುಳುಗುವ ತನಕ ಅವನ ಕೈ ‘ಎಮುನಾ’ ಆಗಿತ್ತು ಅಂತ ಮೂಲದಲ್ಲಿದೆ. ಕೈ ನಂಬಿಕೆ ಆಗಿತ್ತು ಅಂದರೆ ಅರ್ಥವೇ ಆಗುವುದಿಲ್ಲ, ಅಲ್ವಾ? ಅಲ್ಲಿ ಅದು ಅಲುಗಾಡದೆ ನಿಲ್ಲುವುದು. ‘ಆಮೆನ್’ ಕೂಡ ಇದೇ ಬೇರಿನದು. ಮುಂದೆ ಪ್ರವಾದಿ ಹಬಕ್ಕೂಕನ ಪುಸ್ತಕದಲ್ಲಿ (2:4) ನೀತಿವಂತ ತನ್ನ ಎಮುನಾದಿಂದ ಬದುಕುತ್ತಾನೆ ಅಂತ ಬರುತ್ತದೆ. ಅದೇ ಮಾತನ್ನು ಕ್ರೈಸ್ತ ಧರ್ಮದ ಮೊದಲ ಪ್ರಚಾರಕರಲ್ಲಿ ಒಬ್ಬನಾದ ಪೌಲ ರೋಮದವರಿಗೆ ಬರೆದ ಪತ್ರದಲ್ಲಿ (1:17) ಎತ್ತಿಕೊಂಡಾಗ ಅದು ಗ್ರೀಕಿನ ಪಿಸ್ತಿಸ್. ಪಿಸ್ತಿಸ್‌ಗೂ ನಿಷ್ಠೆ ಅನ್ನುವ ಅರ್ಥ ಇದೆ, ಆದರೆ 16ನೇ ಶತಮಾನದಲ್ಲಿ ಜರ್ಮನಿಯ ಧರ್ಮಸುಧಾರಕ ಲೂಥರ್ ಈ ಸಾಲನ್ನು ಹಿಡಿದ ಮೇಲೆ ಮನಸ್ಸಿನೊಳಗಿನ ಭರವಸೆಯ ಅರ್ಥವೇ ಜಾಸ್ತಿ ಕೇಳಿಸುತ್ತದೆ.

ಹಾಗಾಗಿ ಯೆಹೂದಿ ಭಾಗಕ್ಕೆ ‘ಶ್ರದ್ಧೆ’ ಹೊಂದುತ್ತದೆ ಅಂತ ನನಗೆ ಅನಿಸುತ್ತದೆ. ‘ಶ್ರದ್ಧೆಯಿಂದ ಕೆಲಸ ಮಾಡುತ್ತಾನೆ’ ಅಂದಾಗ ತಲೆಯಲ್ಲಿರುವ ವಿಚಾರಕ್ಕಿಂತ ಕೈಯ ಕೆಲಸವೇ ಮುಂದೆ ನಿಲ್ಲುತ್ತದೆ. ದೇವರ ಕಟ್ಟಳೆಗಳನ್ನು ಪಡೆದ ಸೀನಾಯಿ ಬೆಟ್ಟದ ಬಳಿ ಇಸ್ರಾಯೇಲ್ ಜನ ಹೇಳಿದ್ದೂ ಮೊದಲು ‘ಮಾಡುತ್ತೇವೆ’, ಆಮೇಲೆ ‘ಕೇಳುತ್ತೇವೆ’ (ವಿಮೋಚನಕಾಂಡ 24:7). ಆದರೆ ಒಂದೇ ಬರಹದಲ್ಲಿ ಒಂದು ಕಡೆ ಶ್ರದ್ಧೆ, ಇನ್ನೊಂದು ಕಡೆ ನಂಬಿಕೆ ಅಂತ ಬರೆದರೆ ಹಬಕ್ಕೂಕನಿಂದ ಪೌಲನಿಗೆ ಬಂದ ದಾರಿಯೇ ಓದುಗನಿಗೆ ಕಾಣುವುದಿಲ್ಲ.

ಸಂಪ್ರದಾಯದ ಗೋಳು ಬೇರೆ. ಮಾರ್ಕನ ಸುವಾರ್ತೆಯ 7ನೇ ಅಧ್ಯಾಯದಲ್ಲಿ ಯೇಸು ಬೈಯುವ ‘ಹಿರಿಯರ ಸಂಪ್ರದಾಯ’ ಗ್ರೀಕಿನಲ್ಲಿ ಪರಾದೋಸಿಸ್. 2 ಥೆಸಲೋನಿಕ 2:15ರಲ್ಲಿ ಪೌಲ ಗಟ್ಟಿಯಾಗಿ ಹಿಡಿದುಕೊಳ್ಳಿ ಅನ್ನುವುದೂ ಅದೇ ಪರಾದೋಸಿಸ್! ಕೆಲವು ಇಂಗ್ಲಿಷ್ ಅನುವಾದಗಳು ಮೊದಲನೆಯದಕ್ಕೆ ಸಂಪ್ರದಾಯ ಅಂತಲೂ ಎರಡನೆಯದಕ್ಕೆ ಬೋಧನೆ ಅಂತಲೂ ಹಾಕಿವೆ. ಇದು ಸ್ವಲ್ಪ ಮೋಸವೇ. 1546ರಲ್ಲಿ ಕ್ಯಾಥೊಲಿಕ್ ಚರ್ಚಿನ ಟ್ರೆಂಟ್ ಸಭೆ ಧರ್ಮಗ್ರಂಥದಷ್ಟೇ ಗೌರವ ಸಂಪ್ರದಾಯಕ್ಕೂ ಸಲ್ಲಬೇಕು ಅಂದಿತು, ಹಾಗಿರುವಾಗ ಈ ಪದವನ್ನು ಎಲ್ಲಿ ಕಾಣಿಸುತ್ತೀರಿ, ಎಲ್ಲಿ ಮುಚ್ಚುತ್ತೀರಿ ಅನ್ನುವುದು ಸುಮ್ನೆ ಪದದ ವಿಷಯ ಆಗಿ ಉಳಿಯುವುದಿಲ್ಲ.

ಪರಾದೋಸಿಸ್‌ಗೂ, ಸಂಪ್ರದಾಯಕ್ಕೆ ಹೀಬ್ರೂವಿನಲ್ಲಿರುವ ಪದ ಮಸೋರೆತ್‌ಗೂ ಈಗ ಹೇಳುವ ಮೂಲ ಅರ್ಥ ಕೈಯಿಂದ ಕೈಗೆ ಕೊಡುವುದು. ಸಂಪ್ರದಾಯದ ಹೊಟ್ಟೆಯಲ್ಲೂ ‘ದಾ’, ಅಂದರೆ ಕೊಡುವುದೇ ಇದೆ. ಆದರೆ ಇವತ್ತು ಆ ಪದ ಕೇಳಿದರೆ ನೆನಪಾಗುವುದು ಹಳೆಯ ಪದ್ಧತಿ, ಅಷ್ಟೇ.

ನನಗೆ ಹೊಳೆದದ್ದು ‘ಒಪ್ಪಿಸು’. 1 ಕೊರಿಂಥ 11:23ರಲ್ಲಿ ಪೌಲ ತಾನು ಪಡೆದದ್ದನ್ನು ಒಪ್ಪಿಸಿದೆ ಅನ್ನುವುದಕ್ಕೂ, ಯೇಸುವನ್ನು ಹಿಡಿದು ಒಪ್ಪಿಸಿದ ರಾತ್ರಿ ಅನ್ನುವುದಕ್ಕೂ ಗ್ರೀಕಿನಲ್ಲಿ ಒಂದೇ ಕ್ರಿಯಾಪದ. ಕನ್ನಡದಲ್ಲಿ ಪಾಠವನ್ನೂ ಒಪ್ಪಿಸುತ್ತೇವೆ, ಕಳ್ಳನನ್ನೂ ಒಪ್ಪಿಸುತ್ತೇವೆ. ಮೇಲಾಗಿ ಒಳಗೆ ‘ಒಪ್ಪು’ ಇದೆ. ಇದರಿಂದ ಕಿವಿಗೆ ಹಿತವಾದ ನಾಮಪದ ಮಾಡಲು ಆಗುತ್ತಾ? ‘ಒಪ್ಪಿಸಿಕೆ’ ಎಲ್ಲಾದರೂ ಬಳಕೆಯಲ್ಲಿ ಕಂಡಿದ್ದೀರಾ? ಮತ್ತೆ ಎಮುನಾ, ಪಿಸ್ತಿಸ್ ಎರಡಕ್ಕೂ ಒಂದೇ ಪದ ಇಡಬೇಕು ಅಂದರೆ ನೀವು ಯಾವುದನ್ನು ಇಡುತ್ತೀರಿ?