ಪ್ರಶ್ನೋತ್ತರ: ಒಟ್ಟು ಮೊತ್ತ ತಾಳೆಯಾಯಿತು, ಹಣ ಬೇರೆಯವರ ಖಾತೆಗೆ ಹೋಯಿತು

ಅಡ್ಮಿನ್: ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ವರ್ತಕರು ಮತ್ತು ಗುಮಾಸ್ತರ ಈ ಬಳಗದಲ್ಲಿ ಇಂದು ಸಗಟು ಪಾವತಿಯ, ಅಂದರೆ ಒಂದೇ ಕಡತದಿಂದ ಹಲವರ ಖಾತೆಗೆ ಹಣ ಹಾಕುವುದರ ಕುರಿತು ಪ್ರಶ್ನೆಗಳನ್ನು ಕೇಳಬಹುದು. ಬ್ಯಾಂಕಿನ ಪಾವತಿ ವಿಭಾಗದಿಂದ ನಿವೃತ್ತರಾದ ಮೇಡಂ ಉತ್ತರಿಸುತ್ತಾರೆ.

ಹರಿಹರದ ಸದಸ್ಯರು: ಮೇಡಂ, ಭಾನುವಾರ ನೆಫ್ಟ್ ಹೋಗುತ್ತದೆಯೇ? ವಾರದ ಬಟವಾಡೆ ಅಂದೇ ಮಾಡಬೇಕಾಗಿದೆ.

ಮೇಡಂ: ಹೋಗುತ್ತದೆ. ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಹಣ ಕಳಿಸುವ ಈ ನೆಫ್ಟ್ ವ್ಯವಸ್ಥೆ 2019ರ ಡಿಸೆಂಬರ್ 16ರಿಂದ ವರ್ಷದ ಎಲ್ಲ ದಿನವೂ, ದಿನದ 24 ಗಂಟೆಯೂ ನಡೆಯುತ್ತಿದೆ. ಪಾವತಿಗಳನ್ನು ಒಟ್ಟುಗೂಡಿಸಿ ಕಳಿಸುವ ಬ್ಯಾಚ್‌ಗಳು ಅರ್ಧ ಗಂಟೆಗೊಂದರಂತೆ ದಿನಕ್ಕೆ 48 ಇವೆ.

ಎಪಿಎಂಸಿ ಯಾರ್ಡಿನ ಗುಮಾಸ್ತರು: ಮೇಡಂ, ನಾನು ದಾವಣಗೆರೆಯ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಮೆಕ್ಕೆಜೋಳ ತಂದ ರೈತರಿಗೆ ಹಣ ಹಾಕಲು ಎಕ್ಸೆಲ್‌ನಲ್ಲಿ ಪಟ್ಟಿ ಮಾಡಿ ನಿನ್ನೆ ಸಂಜೆ ಬ್ಯಾಂಕಿನ ಜಾಲತಾಣಕ್ಕೆ ಏರಿಸಿದೆ. ಒಟ್ಟು ಮೊತ್ತ ಮತ್ತು ರೈತರ ಸಂಖ್ಯೆ ಎರಡೂ ತಾಳೆಯಾಗಿದ್ದರಿಂದ ಯಜಮಾನರು ಒಪ್ಪಿಗೆ ಕೊಟ್ಟರು. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿದಾಗ ಹೆಸರು ಮತ್ತು ಮೊತ್ತದ ಕಾಲಂಗಳು ಮಾತ್ರ ಸರಿದು, ಖಾತೆ ಸಂಖ್ಯೆಗಳು ಇದ್ದಲ್ಲಿಯೇ ಉಳಿದಿದ್ದವೆಂದು ಇಂದು ಬೆಳಿಗ್ಗೆ ತಿಳಿಯಿತು. ಹೆಸರು ಹೊಂದದಿದ್ದರೂ ಬ್ಯಾಂಕು ಹೇಗೆ ಜಮಾ ಮಾಡಿತು? ಈಗ ಏನು ಮಾಡಬೇಕು?

ಮೇಡಂ: ಇದನ್ನು ಎಲ್ಲರೂ ಓದಬೇಕೆಂದು ವಿವರವಾಗಿ ಬರೆಯುತ್ತಿದ್ದೇನೆ. ನಿಮ್ಮ ಕಡತ ಬ್ಯಾಂಕನ್ನು ತಲುಪಿದಾಗ, ಶಾಖೆಯನ್ನು ಗುರುತಿಸುವ ಐಎಫ್‌ಎಸ್‌ಸಿ ಸಂಕೇತ 11 ಅಕ್ಷರಗಳದ್ದಾಗಿದೆಯೇ, ಖಾತೆಯಲ್ಲಿ ಹಣವಿದೆಯೇ, ಅದೇ ಕಡತ ಹಿಂದೆ ಬಂದಿತ್ತೇ ಎಂಬಂಥ ಪರೀಕ್ಷೆಗಳು ನಡೆಯುತ್ತವೆ. ನಂತರ ಅದು ರಿಸರ್ವ್ ಬ್ಯಾಂಕಿನ ನೆಫ್ಟ್ ಕೇಂದ್ರಕ್ಕೆ ಹೋಗಿ, ಯಾವ ಬ್ಯಾಂಕು ಯಾವ ಬ್ಯಾಂಕಿಗೆ ಎಷ್ಟು ಕೊಡಬೇಕೆಂಬ ಲೆಕ್ಕ ಆ ಬ್ಯಾಚಿನಲ್ಲಿ ತೀರುತ್ತದೆ. ಹಣ ಪಡೆಯುವ ಬ್ಯಾಂಕು ಖಾತೆ ಸಂಖ್ಯೆಯೊಂದನ್ನೇ ನೋಡಿ ಜಮಾ ಮಾಡಬಹುದೆಂದು ರಿಸರ್ವ್ ಬ್ಯಾಂಕು 2010ರಲ್ಲಿಯೇ ತಿಳಿಸಿದೆ. ಖಾತೆ ಇಲ್ಲದಿದ್ದರೆ ಅಥವಾ ಮುಚ್ಚಿದ್ದರೆ ಎರಡು ಗಂಟೆಯೊಳಗೆ ಹಣ ಹಿಂದಿರುಗಬೇಕು. ನಿಮ್ಮ ಕಡತದಲ್ಲಿದ್ದ ಖಾತೆಗಳೆಲ್ಲವೂ ಜೀವಂತವಾಗಿದ್ದುದರಿಂದ ಯಾವುದೂ ಹಿಂದಿರುಗಲಿಲ್ಲ.

ಖಾತೆ ಸಂಖ್ಯೆಗಳನ್ನೆಲ್ಲ ಕೂಡಿ ತಾಳೆ ನೋಡಿದ್ದರೂ ಈ ದೋಷ ಸಿಗುತ್ತಿರಲಿಲ್ಲ, ಏಕೆಂದರೆ ಯಾವ ಸಂಖ್ಯೆಯೂ ಬದಲಾಗಿಲ್ಲ, ಜಾಗ ಮಾತ್ರ ಬದಲಾಗಿದೆ. ಒಪ್ಪಿಗೆ ಕೊಡುವವರು ರೈತರ ತಕ್‌ಪಟ್ಟಿ (ಮಾರಾಟದ ಲೆಕ್ಕದ ಚೀಟಿ) ಮತ್ತು ಪಾಸ್‌ಬುಕ್ಕಿನ ಪ್ರತಿಯನ್ನು ಎದುರಿಗಿಟ್ಟುಕೊಂಡು ಕೆಲವು ಸಾಲುಗಳನ್ನಾದರೂ ಅಡ್ಡಡ್ಡವಾಗಿ ಓದಿದ್ದರೆ ಮಾತ್ರ ಸಿಗುತ್ತಿತ್ತು. ಪಟ್ಟಿಯನ್ನು ಅದೇ ಪಟ್ಟಿಯ ಜೊತೆಗೆ ಹೋಲಿಸಿದರೆ ಅದು ಪರಿಶೀಲನೆಯಾಗುವುದಿಲ್ಲ.

ಈಗ ಮಾಡಬೇಕಾದುದು: ಪ್ರತಿ ಸಾಲಿನ ಯುಟಿಆರ್ ಸಂಖ್ಯೆಯೊಂದಿಗೆ (ಆ ಪಾವತಿಯನ್ನು ಗುರುತಿಸುವ ಸಂಖ್ಯೆ) ನಿಮ್ಮ ಬ್ಯಾಂಕಿಗೆ ಲಿಖಿತ ದೂರು ಕೊಡಿ. ಅವರು ಹಣ ಪಡೆದವರ ಬ್ಯಾಂಕುಗಳಿಗೆ ತಿಳಿಸುತ್ತಾರೆ. ಆದರೆ ಖಾತೆದಾರರ ಒಪ್ಪಿಗೆಯಿಲ್ಲದೆ ಆ ಬ್ಯಾಂಕುಗಳು ಸುಮ್ಮನೆ ಹಣ ತೆಗೆದುಕೊಡಲಾರವು. ನಿಮ್ಮ ಪ್ರಕರಣದಲ್ಲಿ ಒಂದು ಅನುಕೂಲವಿದೆ. ಹಣ ಪಡೆದವರೆಲ್ಲರೂ ನಿಮ್ಮದೇ ಪಟ್ಟಿಯ ರೈತರು, ಎಲ್ಲರಿಗೂ ಏನೋ ಒಂದು ಮೊತ್ತ ಬಂದಿದೆ. ಪ್ರತಿಯೊಬ್ಬರಿಗೂ ಸಲ್ಲಬೇಕಾದುದೆಷ್ಟು, ಬಂದುದೆಷ್ಟು ಎಂದು ಬರೆದುಕೊಂಡು, ಕಡಿಮೆ ಬಂದವರಿಗೆ ಯಜಮಾನರು ಇಂದೇ ಉಳಿದುದನ್ನು ಕೊಡಲಿ. ಹೆಚ್ಚು ಬಂದವರಿಂದ ವ್ಯತ್ಯಾಸವನ್ನಷ್ಟೇ ಖಾತೆಯ ಮೂಲಕ ಹಿಂದಕ್ಕೆ ಪಡೆದು ರಸೀದಿ ಕೊಡಿ. ಹಣ ಯಾರದಾದರೂ ಬೆಳೆಸಾಲದ ಖಾತೆಗೆ ಬಿದ್ದಿದ್ದರೆ ಅದು ಸಾಲಕ್ಕೆ ವಜಾ ಆಗಿರಬಹುದು, ಆ ಶಾಖೆಗೆ ಮೊದಲು ಹೋಗಿ.

ಜಗಳೂರಿನ ಸದಸ್ಯರು: ನನಗೊಂದು ಸಂದೇಶ ಬಂದಿದೆ, ಹಂಚಿಕೊಳ್ಳುತ್ತಿದ್ದೇನೆ. "24 ಗಂಟೆಯೊಳಗೆ ಅರ್ಜಿ ಕೊಟ್ಟರೆ ಬ್ಯಾಂಕು ಹಣವನ್ನು ತಾನೇ ಎಳೆದುಕೊಡುತ್ತದೆ. ಕಡತ 'ಬಾಕಿ' ಎಂದು ನಿಂತಿದ್ದರೆ ಅದರ ಹೆಸರು ಬದಲಿಸಿ ಮತ್ತೆ ಏರಿಸಿ, ತಕ್ಷಣ ಹೋಗುತ್ತದೆ."

ಮೇಡಂ: ಮೊದಲನೆಯದು ಸುಳ್ಳು. ಎರಡನೆಯದು ಅಪಾಯಕಾರಿ. ಒಂದೇ ಕಡತ ಎರಡು ಬಾರಿ ಬಂದುದನ್ನು ಹಲವು ವ್ಯವಸ್ಥೆಗಳು ಹೆಸರಿನಿಂದಲೇ ಹಿಡಿಯುತ್ತವೆ. ನೀವೇ ಹೆಸರು ಬದಲಿಸಿದರೆ ಆ ಕಾವಲನ್ನು ತೆಗೆದಂತಾಯಿತು, ಎಲ್ಲರಿಗೂ ಎರಡೆರಡು ಬಾರಿ ಹಣ ಹೋಗಬಹುದು. ಬಾಕಿ ಎಂದು ತೋರಿಸಿದರೆ ಶಾಖೆಗೆ ಫೋನ್ ಮಾಡಿ, ಸ್ಥಿತಿ ಖಚಿತವಾಗುವವರೆಗೆ ಏನನ್ನೂ ಏರಿಸಬೇಡಿ. ದಯವಿಟ್ಟು ಇಂತಹ ಸಂದೇಶಗಳನ್ನು ಇಲ್ಲಿ ಹಾಕಬೇಡಿ.

ಚಳ್ಳಕೆರೆಯ ಎಣ್ಣೆ ಗಿರಣಿ ಮಾಲೀಕರು: ಸಂಬಳ ಕೊಟ್ಟು ಗುಮಾಸ್ತರನ್ನು ಇಟ್ಟುಕೊಳ್ಳುವುದು ಏಕೆ? ನಷ್ಟವಾದರೆ ಅವರ ಸಂಬಳದಿಂದಲೇ ಹಿಡಿಯಬೇಕು.

ಚಿತ್ರದುರ್ಗದ ಲೆಕ್ಕಿಗರು: ಸಾಹುಕಾರರೇ, ನಿಮ್ಮಂಥವರ ಪಾಸ್‌ವರ್ಡು ನಮ್ಮ ಮೇಜಿನ ಡ್ರಾಯರಿನಲ್ಲಿರುತ್ತದೆ. ಒಟಿಪಿಯನ್ನು ಫೋನಿನಲ್ಲಿ ಓದಿ ಹೇಳುತ್ತೀರಿ. ನೋಡದೆ ಒಪ್ಪಿಗೆ ಕೊಟ್ಟವರ ಹೊಣೆ ಎಲ್ಲಿ ಹೋಯಿತು?

ಗಿರಣಿ ಮಾಲೀಕರು: ನನ್ನ ಗಿರಣಿಯ ವಿಷಯ ನಿಮಗೆ ಗೊತ್ತಿಲ್ಲ. ನಂಬಿಕೆಯ ಮೇಲೆ ವ್ಯಾಪಾರ ನಡೆಯುತ್ತದೆ.

ಲೆಕ್ಕಿಗರು: ಹಾಗಾದರೆ ನಷ್ಟವಾದಾಗಲೂ ಅದೇ ನಂಬಿಕೆ ಇರಲಿ.

ಮೇಡಂ: ಇಬ್ಬರೂ ನಿಲ್ಲಿಸಿ. ಕಡತ ಮಾಡುವವರು ಮೇಕರ್, ಒಪ್ಪುವವರು ಚೆಕರ್ ಎಂದು ಬ್ಯಾಂಕು ಎರಡು ಲಾಗಿನ್ ಕೊಡುವುದು ಒಬ್ಬರ ತಪ್ಪನ್ನೋ ಮೋಸವನ್ನೋ ಇನ್ನೊಬ್ಬರು ತಡೆಯಲೆಂದು. ಎರಡೂ ಒಂದೇ ಕಂಪ್ಯೂಟರಿನಲ್ಲಿ, ಒಬ್ಬರ ಕೈಯಲ್ಲಿದ್ದರೆ, ಆ ಯಂತ್ರಕ್ಕೆ ಕಳ್ಳತಂತ್ರಾಂಶ ನುಗ್ಗಿದ ದಿನ ಇಡೀ ಬ್ಯಾಚು ಕಳ್ಳರ ಖಾತೆಗೆ ಹೋಗಬಹುದು. ಲೆಕ್ಕದ ತಂತ್ರಾಂಶದಿಂದ ಹೊರಬಂದ ಕಡತದ ಖಾತೆ ಸಂಖ್ಯೆಗಳನ್ನು ಬ್ಯಾಂಕಿಗೆ ಏರಿಸುವ ಮೊದಲೇ ತಿದ್ದಿಬಿಡುವ ಮೋಸವೂ ಇದೆ. ಇಲ್ಲಿ ಸಂಖ್ಯೆಗಳೇ ಬದಲಾಗುವುದರಿಂದ, ಇದನ್ನು ಹಿಡಿಯಲು ಖಾತೆ ಸಂಖ್ಯೆಗಳನ್ನೆಲ್ಲ ಕೂಡಿದ ಮೊತ್ತ ಉಪಯೋಗಕ್ಕೆ ಬರುತ್ತದೆ. ಇನ್ನೂ ಒಳ್ಳೆಯ ದಾರಿಯೆಂದರೆ, ರೈತರ ಖಾತೆಗಳನ್ನು ಬ್ಯಾಂಕಿನಲ್ಲಿ ಒಮ್ಮೆ ನೋಂದಾಯಿಸಿ, ಪ್ರತಿಬಾರಿ ಅವರವರ ಸಂಕೇತ ಸಂಖ್ಯೆ ಮತ್ತು ಮೊತ್ತವನ್ನಷ್ಟೇ ಕಳಿಸುವುದು. ಆ ಸೌಲಭ್ಯವಿದೆಯೇ ಎಂದು ನಿಮ್ಮ ಬ್ಯಾಂಕನ್ನು ಕೇಳಿ. ನೋಂದಾಯಿಸುವಾಗ ಖಾತೆದಾರರ ಹೆಸರನ್ನು ತೋರಿಸುವ ಸೌಲಭ್ಯವನ್ನು ಬಳಸಿ. ನೆಫ್ಟ್‌ಗೆ ಮತ್ತು ದೊಡ್ಡ ಮೊತ್ತ ಕಳಿಸುವ ಆರ್‌ಟಿಜಿಎಸ್‌ಗೆ ಅದನ್ನು 2025ರ ಏಪ್ರಿಲ್ 1ರೊಳಗೆ ಒದಗಿಸಬೇಕೆಂದು ರಿಸರ್ವ್ ಬ್ಯಾಂಕು ಸೂಚಿಸಿತ್ತು.

ಹೊಳಲ್ಕೆರೆಯ ಹಾಲಿನ ಸಂಘದ ಕಾರ್ಯದರ್ಶಿ: ಮೇಡಂ, ಆಧಾರ್ ಮೂಲಕ ಹಾಕುವ ಹಣ ಎರಡು ಖಾತೆ ಇರುವವರಿಗೆ ಯಾವುದಕ್ಕೆ ಹೋಗುತ್ತದೆ?

ಹಿರಿಯೂರಿನ ಸದಸ್ಯರು: ಎಕ್ಸೆಲ್‌ನಲ್ಲಿ 16 ಅಂಕಿಯ ಖಾತೆ ಸಂಖ್ಯೆಯ ಕೊನೆಯ ಅಂಕಿ ತಾನಾಗಿಯೇ ಸೊನ್ನೆಯಾಗುತ್ತಿದೆ.

ಮೇಡಂ: ಎಕ್ಸೆಲ್ 15 ಅಂಕಿಗಳನ್ನಷ್ಟೇ ನಿಖರವಾಗಿ ಉಳಿಸಿಕೊಳ್ಳುತ್ತದೆ. ಸಂಖ್ಯೆ ತುಂಬುವ ಮೊದಲೇ ಆ ಕಾಲಂ ಅನ್ನು 'ಟೆಕ್ಸ್ಟ್' ಎಂದು ಬದಲಿಸಿ. ಸಂಖ್ಯೆಯ ಆರಂಭದ ಸೊನ್ನೆಗಳೂ ಉಳಿಯುತ್ತವೆ.

ದಾವಣಗೆರೆಯ ಸದಸ್ಯರು: ಸಹಕಾರಿ ಬ್ಯಾಂಕಿನಲ್ಲಿ ಖಾತೆ ಇಟ್ಟರೆ ಹೀಗೆಯೇ ಆಗುವುದು. 2024ರಲ್ಲಿ ಎಲ್ಲ ನಿಂತುಹೋಗಿತ್ತಲ್ಲ.

ಗಿರಣಿ ಮಾಲೀಕರು: ನಮ್ಮ ಸಹಕಾರಿ ಬ್ಯಾಂಕಿನ ಮೇಲೆ ಸುಮ್ಮನೆ ಮಾತನಾಡಬೇಡಿ. ಸಾಲ ಕೇಳುವಾಗ ದೊಡ್ಡ ಬ್ಯಾಂಕು ನಿಮ್ಮನ್ನು ಒಳಗೆ ಬಿಟ್ಟುಕೊಳ್ಳುತ್ತದೆಯೇ?

ಮೇಡಂ: 2024ರ ಜುಲೈ ಕೊನೆಯಲ್ಲಿ, ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಾಂಶ ಒದಗಿಸುವ ಸಂಸ್ಥೆಯೊಂದರ ಮೇಲೆ ಸೈಬರ್ ದಾಳಿಯಾದಾಗ, ಯುಪಿಐ ನಡೆಸುವ ರಾಷ್ಟ್ರೀಯ ಪಾವತಿ ನಿಗಮವು ದಾಳಿ ಹರಡದಂತೆ ಆ ಸಂಸ್ಥೆಯನ್ನು ತನ್ನ ಜಾಲದಿಂದ ತಾತ್ಕಾಲಿಕವಾಗಿ ಬೇರ್ಪಡಿಸಿತು. ಗುಮಾಸ್ತರ ಪ್ರಕರಣಕ್ಕೂ ಅದಕ್ಕೂ ಸಂಬಂಧವಿಲ್ಲ.

ಹೊನ್ನಾಳಿಯ ಸದಸ್ಯರು: ಭಾನುವಾರ ನೆಫ್ಟ್ ಇರುತ್ತದೆಯೇ ಮೇಡಂ?

ಮೇಡಂ: ಮೇಲೆ ಬರೆದಿದ್ದೇನೆ.

ಜಗಳೂರಿನ ಸದಸ್ಯರು: ಇನ್ನೊಂದು ಸಂದೇಶ ಬಂದಿದೆ. ಹಣ ವಾಪಸ್ ಕೊಡಿಸುವ ಸಹಾಯವಾಣಿಯಂತೆ, ಸಂಖ್ಯೆ ಹಾಕಲೇ?

ಮೇಡಂ: ಹಾಕಬೇಡಿ. ಹಣ ಕಳೆದುಕೊಂಡು ಗಾಬರಿಯಾದವರಿಂದ ಉಳಿದ ಹಣವನ್ನೂ ದೋಚುವುದಕ್ಕೆಂದೇ ನಕಲಿ ಸಂಖ್ಯೆಗಳು ಹರಿದಾಡುತ್ತವೆ. ವಂಚನೆಯಾಗಿದ್ದರೆ ಸೈಬರ್ ವಂಚನೆಯ ಸರ್ಕಾರಿ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಉಳಿದುದಕ್ಕೆ ನಿಮ್ಮ ಶಾಖೆಯಿದೆ. ಅಡ್ಮಿನ್ ಅವರೇ, ಇದನ್ನು ಇನ್ನೊಮ್ಮೆ ಹೇಳಲು ನನಗೆ ಸಾಧ್ಯವಿಲ್ಲ.

ಎಪಿಎಂಸಿ ಗುಮಾಸ್ತರು: ಮೇಡಂ, ಶಾಖೆಯವರು ದೂರಿನ ಪತ್ರವನ್ನು ನಾಳೆ ತನ್ನಿ ಎನ್ನುತ್ತಿದ್ದಾರೆ.

ಮೇಡಂ: ನಾಳೆಯವರೆಗೆ ಕಾಯಬೇಡಿ. ಯುಟಿಆರ್ ಪಟ್ಟಿಯೊಂದಿಗೆ ಈಗಲೇ ಶಾಖೆಗೆ ಇ-ಮೇಲ್ ಮಾಡಿ. ಪತ್ರಕ್ಕೆ ಯಜಮಾನರ ಸಹಿ ಹಾಕಿಸಿ ನಾಳೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ. ಅಷ್ಟರಲ್ಲಿ ಬೆಳೆಸಾಲದ ಖಾತೆಗಳು ಯಾವುವು ಎಂಬುದನ್ನು ರೈತರಿಗೆ ಫೋನ್ ಮಾಡಿ ತಿಳಿದುಕೊಳ್ಳಿ.