ಸೀನುವಿನ ಜಲ್ಲಿ ಯಾತ್ರೆ

"50 ಕಿಲೋಮೀಟರ್ ಪೂರ್ತಿ ಟಾರು! ಒಂದು ಗುಂಡಿ ಇಲ್ಲ, ಒಂದು ಉಬ್ಬು ಇಲ್ಲ. ಮನುಷ್ಯ ಸೈಕಲ್ ಹೊಡೆಯುವುದಾದರೂ ಹೇಗೆ?" ಎಂದ ಸೀನು.

ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟರು. ತಿಪಟೂರಿನ ತಮ್ಮ ಬೀದಿಗೆ ಟಾರು ಹಾಕಿಸಿ ಎಂದು ಅರ್ಜಿ ಬರೆದು ಬರೆದೇ ಅವರ ಅಕ್ಷರ ದುಂಡಗಾಗಿದ್ದು. ಫ್ರಾನ್ಸಿನ ತುಲೂಸಿಗೆ ಬಂದು, ಸ್ವಂತ ಅಳಿಯನ ಬಾಯಲ್ಲಿ ಒಳ್ಳೆ ರಸ್ತೆಗೆ ಬೈಗುಳ ಕೇಳಬೇಕಾಗುತ್ತದೆ ಎಂದು ಅವರು ಎಣಿಸಿರಲಿಲ್ಲ.

"ಯಾವುದಪ್ಪಾ ಆ ರಸ್ತೆ?"

"ಕನಾಲ್ ದ್ಯು ಮಿದಿ ಕಾಲುವೆಯ ದಂಡೆ, ಮಾವ. ಇಲ್ಲಿಂದ ಪೋರ್ ಲೊರಾಗೆ ತನಕ ಬರೀ ಟಾರು. ಅದು ದಾಟಿದ ಮೇಲೇ ಗ್ರಾವೆಲ್, ಅಂದರೆ ಜಲ್ಲಿ ದಾರಿ, ಸಿಗುವುದು."

"ಅಂದರೆ ಕೆಟ್ಟ ದಾರಿ ಸೇರಬೇಕಾದರೆ ಮೊದಲು ಒಳ್ಳೆ ದಾರಿಯ ಕಷ್ಟ ಅನುಭವಿಸಬೇಕು," ಎಂದ ನಾಣಿ. "ಪುಣ್ಯಾತ್ಮ, ಬೆಂಗಳೂರಿನಲ್ಲಿ ನಿನ್ನ ಮನೆಬಾಗಿಲಿಗೇ ಗ್ರಾವೆಲ್ ಬಂದು ಬಿದ್ದಿತ್ತಲ್ಲ, ಬಿಟ್ಟು ಬಂದೆ."

"ಅದು ಗ್ರಾವೆಲ್ ಅಲ್ಲ."

"ಹೌದು. ಅದು 'ಕಾಮಗಾರಿ ಪ್ರಗತಿಯಲ್ಲಿದೆ'."

ಸೀನು ಬಿಡಲಿಲ್ಲ. ಗ್ರಾವೆಲ್ ಬೈಕೇ ಬೇರೆ, ಅದರ ಹ್ಯಾಂಡಲ್ಲೇ ಬೇರೆ, ಟೈರು 45 ಮಿಲಿಮೀಟರು, ಒಳಗೆ ಟ್ಯೂಬೇ ಇಲ್ಲ, ಬದಲಿಗೆ ಬಿಳೀ ಹಾಲಿನಂಥ ಅಂಟು, ತೂತು ಬಿದ್ದರೆ ತಾನೇ ಮುಚ್ಚಿಕೊಳ್ಳುತ್ತದೆ ಎಂದೆಲ್ಲ ವಿವರಿಸಿದ. (ಸೀನುವಿನ ಸೈಕಲ್ ವರ್ಣನೆ ಪೂರ್ತಿ ಬರೆಯಹೊರಟರೆ ಈ ಹರಟೆ ಅದರ ಬಿಲ್ಲಿನಷ್ಟೇ ಉದ್ದವಾಗುತ್ತದೆ.)

"ಗಾಳಿ ಕಡಿಮೆ ಇರಬೇಕಂತೆ," ಎಂದು ಅಡುಗೆಮನೆಯಿಂದಲೇ ಹೇಳಿದಳು ಸುಮಿ. "ಮೂರು ಸಾವಿರ ಯೂರೋ ಕೊಟ್ಟು ಅರ್ಧ ಪಂಕ್ಚರ್ ಆದ ಸೈಕಲ್ ತಂದಿದ್ದಾರೆ."

"ಸೈಕಲ್ ಮುಖ್ಯ ಅಲ್ಲ, ಜಲ್ಲಿಯೂ ಮುಖ್ಯ ಅಲ್ಲ," ಸೀನುವಿನ ದನಿ ಏರಿತು. "ಟ್ರಾಫಿಕ್ ಇಲ್ಲ, ಅದು ಮುಖ್ಯ. ಒಂದು ಕಾರಿಲ್ಲ, ಲಾರಿಯಿಲ್ಲ, ಹಾರ್ನ್ ಇಲ್ಲ. ಎರಡೂ ಕಡೆ ಮರ, ದ್ರಾಕ್ಷಿ ತೋಟ, ನೀನು, ನಿನ್ನ ಸೈಕಲ್ಲು. ಅಷ್ಟೇ."

"ಯಾಕೆ ಅಷ್ಟೇ?" ಎಂದ ನಾಣಿ.

"ಯಾಕೆ ಅಂದರೆ?"

"ಇಷ್ಟು ದುಡ್ಡು ಸುರಿದು ದಾರಿ ಮಾಡಿದವನು ಇಲ್ಲಿ ಯಾರೂ ಬಾರದಿರಲಿ ಎಂದು ಮಾಡಿರುತ್ತಾನಾ? ದಾರಿ ಖಾಲಿ ಇದೆ ಎಂದರೆ ಅಲ್ಲಿ ಏನೋ ಮುಚ್ಚಿಹೋಗಿದೆ ಎಂದೇ ಅರ್ಥ. ಮೇಷ್ಟ್ರೇ, ಈ ಕಾಲುವೆ ಯಾವಾಗ ಮುಚ್ಚಿತು?"

ಮೇಷ್ಟ್ರಿಗೆ ಇಷ್ಟು ಸಾಕಾಗಿತ್ತು. ಬಂದಾಗಿನಿಂದ ಅವರು ಕಾಲುವೆ ದಂಡೆಯ ಬೋರ್ಡುಗಳನ್ನೆಲ್ಲ ಬಿಡದೆ ಓದಿದ್ದಾರೆ. ಉಪ್ಪಿನ ತೆರಿಗೆ ವಸೂಲಿ ಮಾಡುತ್ತಿದ್ದ ಪಿಯರ್ ಪಾಲ್ ರಿಕೆ ಎಂಬಾತ 14ನೇ ಲೂಯಿಯ ಅಪ್ಪಣೆ ಪಡೆದದ್ದು 1666ರಲ್ಲಿ. ತುಲೂಸಿನಿಂದ ಮೆಡಿಟರೇನಿಯನ್ ಕಡೆಗೆ 240 ಕಿಲೋಮೀಟರ್ ಕಾಲುವೆ. ತನ್ನ ಆಸ್ತಿಯನ್ನೂ ಅದಕ್ಕೇ ಸುರಿದ. 1680ರಲ್ಲಿ ಸಾಲ ಬಿಟ್ಟು ಸತ್ತ. ಕಾಲುವೆ ತೆರೆದದ್ದು 1681ರಲ್ಲಿ.

"ನೋಡು," ಎಂದ ನಾಣಿ, "ತೆರೆಯುವ ಮುಂಚೆಯೇ ಮುಚ್ಚುವುದು ಶುರು."

"ತಡಿ, ಮಜಾ ಮುಂದಿದೆ," ಎಂದರು ಮೇಷ್ಟ್ರು. "1857ಕ್ಕೆ ಕಾಲುವೆಯ ಪಕ್ಕದಲ್ಲೇ ರೈಲು ಬಂತು. ದೋಣಿಗೂ ರೈಲಿಗೂ ಪೈಪೋಟಿ. ಸರ್ಕಾರ ಏನು ಮಾಡಿತು ಗೊತ್ತಾ? ಮರುವರ್ಷ ಕಾಲುವೆಯನ್ನು 40 ವರ್ಷಕ್ಕೆ ಗುತ್ತಿಗೆ ಕೊಟ್ಟಿತು. ಯಾರಿಗೆ? ಅದೇ ರೈಲು ಕಂಪನಿಗೆ!"

"ಕೋಳಿ ಗೂಡಿಗೆ ನರಿಯ ಕಾವಲು. ಇದು ನಮ್ಮೂರಲ್ಲಿ ಮಾತ್ರ ಆಗುತ್ತದೆ ಎಂದುಕೊಂಡಿದ್ದೆ," ಎಂದ ನಾಣಿ. "ಸೀನು, ನಿನ್ನ ಮರಗಳ ವಿಷಯ?"

ಸೀನು ಮಾತಾಡಲಿಲ್ಲ. ಫೋಟೋಗಳಲ್ಲಿ ಕಾಣುವ ಆ ಪ್ಲೇನ್ ಮರಗಳಿಗೆ 2006ರಲ್ಲಿ ಶಿಲೀಂಧ್ರ ರೋಗ ಕಾಣಿಸಿತು. ಒಂದಕ್ಕೆ ಬಂದರೆ ಪಕ್ಕದ್ದನ್ನೂ ಕಡಿಯಬೇಕು. ಹಾಗೆ ಸಾವಿರಾರು ಮರ ಹೋದವು. ಬೇರೆ ಜಾತಿಯ ಗಿಡ ನೆಟ್ಟಿದ್ದಾರೆ. ಅವು ನೆರಳು ಕೊಡುವ ಹೊತ್ತಿಗೆ ಸೀನುವಿಗೆ ಸೈಕಲ್ ಹತ್ತಲು ಮಂಡಿ ಇರುವುದಿಲ್ಲ.

"ಸರಿ ಬಿಡು, ಮಿದಿ ಬೇಡ. ಬ್ರಿಟಾನಿಗೆ ಹೋಗೋಣ," ಎಂದ ಸೀನು, ಸೋಲೊಪ್ಪದೆ. "ನಾಂತ್‌ನಿಂದ ಬ್ರೆಸ್ತ್‌ಗೆ ಸುಮಾರು 360 ಕಿಲೋಮೀಟರ್ ಕಾಲುವೆ. ದೋಣಿ ಏರಿಸಿ ಇಳಿಸಲು ಇನ್ನೂರಕ್ಕೂ ಹೆಚ್ಚು ಲಾಕ್‌ಗೇಟು. ದಂಡೆಯ ಮೇಲೆ ಗಟ್ಟಿಯಾಗಿ ಒತ್ತಿದ ಮರಳು, ಸಣ್ಣ ಜಲ್ಲಿ. ಹಿಂದೆ ಕುದುರೆಗಳು ದೋಣಿ ಎಳೆಯುತ್ತಿದ್ದ ದಾರಿ."

"ಯಾವಾಗ ಮುಚ್ಚಿತು?"

"ನಾಣಿ!"

"ಅದೂ ಗೊತ್ತು," ಎಂದು ಮೇಷ್ಟ್ರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ಇಂಗ್ಲಿಷರ ಹಡಗುಗಳು ಸಮುದ್ರದಲ್ಲಿ ದಾರಿ ಕಟ್ಟುತ್ತಿದ್ದವು. ಬ್ರೆಸ್ತಿನ ನೌಕಾನೆಲೆಗೆ ಒಳಗಿನಿಂದಲೇ ಸಾಮಾನು ಮುಟ್ಟಿಸಬೇಕು ಎಂದು ನೆಪೋಲಿಯನ್ ಹಟ ಹಿಡಿದ. ಗ್ಲೊಮೆಲ್ ಹತ್ತಿರ ಗುಡ್ಡ ಸೀಳಲು ಕೈದಿಗಳನ್ನು ಹಚ್ಚಿದರು. ಮುಗಿದದ್ದು 1842ರಲ್ಲಿ."

"ಅಷ್ಟರಲ್ಲಿ ನೆಪೋಲಿಯನ್ನೇ ಮುಗಿದಿದ್ದ."

"ಯುದ್ಧವೂ ಮುಗಿದಿತ್ತು. ಸ್ವಲ್ಪ ದಿನ ಸ್ಲೇಟು, ಗೊಬ್ಬರ ಸಾಗಿಸಿದರು. ಆಮೇಲೆ ರೈಲು ಬಂತು. 1920ರ ದಶಕದಲ್ಲಿ ಗೆರ್ಲೆದಾನ್ ಎಂಬಲ್ಲಿ ಕರೆಂಟಿಗಾಗಿ ಅಡ್ಡಲಾಗಿ ಅಣೆಕಟ್ಟೇ ಕಟ್ಟಿಬಿಟ್ಟರು. 17 ಲಾಕ್‌ಗೇಟು ನೀರಿನಡಿ ಹೋದವು."

"ಪಾಪ, ಆ ಕೈದಿಗಳು ಬೆನ್ನು ಮುರಿದುಕೊಂಡು ತೋಡಿದ್ದು ಇಂಗ್ಲಿಷರನ್ನು ತಪ್ಪಿಸುವುದಕ್ಕೆ," ಎಂದ ನಾಣಿ. "ಈಗ ಅಲ್ಲಿಗೆ ಬೇಸಗೆಯಲ್ಲಿ ಸೈಕಲ್ ತುಳಿಯಲು ಬರುವವರು ಯಾರು? ಇಂಗ್ಲಿಷರು!"

ಸೀನು ಕೊನೆಯ ಅಸ್ತ್ರ ತೆಗೆದ. ಕಾಲುವೆಗಳ ಕಥೆ ಬಿಡಿ, ರೈಲು ದಾರಿಗೆ ಬನ್ನಿ. ಬರ್ಗಂಡಿಯಲ್ಲಿ ಜಿವ್ರಿಯಿಂದ ಕ್ಲ್ಯೂನಿಗೆ, ಮೋಟಾರು ಬಿಡದ ದೇಶದ ಮೊದಲ 'ಹಸಿರು ದಾರಿ', 1997ರದು. ನಮ್ಮ ತುಲೂಸಿಗೆ ಹತ್ತಿರ ಬೇಕೆಂದರೆ ಪಾಸಾ ಪಾಯಿಸ್, ಮಜಾಮೆಯಿಂದ ಬೇದಾರಿಯುವರೆಗೆ 75 ಕಿಲೋಮೀಟರಿಗೂ ಮೇಲೆ. ಸೇತುವೆ, ಸುರಂಗ, ನಯವಾದ ಜಲ್ಲಿ. ರೈಲು ಹತ್ತಲಾರದ ಏರು ಅಲ್ಲಿ ಇರಲು ಸಾಧ್ಯವೇ ಇಲ್ಲ, ಹಾಗಾಗಿ ನಾಣಿಯಂಥವನೂ ಹತ್ತಬಹುದು.

"ರೈಲು ಎಲ್ಲಿ?"

"ಹಳಿ ಕಿತ್ತಿದ್ದಾರಲ್ಲ, ಅದಕ್ಕೇ ತಾನೆ ದಾರಿ..." ಎಂದವನು ಅರ್ಧಕ್ಕೆ ನಿಲ್ಲಿಸಿದ. ನಾಣಿ ಮುಗುಳ್ನಕ್ಕ.

ಮೇಷ್ಟ್ರು ಫ್ರೆಸಿನೆ ಎಂಬ ಮಂತ್ರಿಯನ್ನು ಎಳೆದು ತಂದರು. 1879ರಲ್ಲಿ ಮೂಲೆಮೂಲೆಗೂ ರೈಲು ಬಿಡುತ್ತೇನೆ ಎಂದು ಕಾನೂನು ಮಾಡಿಸಿದವನು. ರೈಲು ಹೋಯಿತು, ಊರುಗಳು ಸಂಭ್ರಮಿಸಿದವು, ಆಮೇಲೆ ಬಸ್ಸು, ಕಾರು ಬಂದವು, ಒಂದೊಂದೇ ಲೈನು ನಿಂತಿತು.

"ಮಜಾಮೆ ಊರಾದರೂ ತೆರೆದಿದೆಯಾ?" ಎಂದ ನಾಣಿ.

"ಕುರಿ ಚರ್ಮದಿಂದ ಉಣ್ಣೆ ಬಿಡಿಸುವುದರಲ್ಲಿ ಅದು ಲೋಕಪ್ರಸಿದ್ಧ. ಅರ್ಜೆಂಟೀನಾ, ಆಸ್ಟ್ರೇಲಿಯಾದಿಂದ ಚರ್ಮ ಬರುತ್ತಿತ್ತು."

"ಬರುತ್ತಿತ್ತು!" ಎಂದು ನಾಣಿ ಕಾಲು ಚಾಚಿದ. "ಮುಚ್ಚಿದ ಕಸುಬಿನ ಊರಿನಿಂದ ಹೊರಟು, ಮುಚ್ಚಿದ ರೈಲಿನ ಮೇಲೆ, ಮುಚ್ಚಿದ ಸ್ಟೇಷನ್ ದಾಟಿ, ಮಧ್ಯಾಹ್ನ ಒಂದು ಗಂಟೆಗೆ ಹಳ್ಳಿಯ ಬೇಕರಿ ಮುಂದೆ ನಿಲ್ಲುತ್ತೀಯ. ಅದು?"

"ಮುಚ್ಚಿರುತ್ತದೆ," ಎಂದಳು ಸುಮಿ. "ಊಟದ ಹೊತ್ತಿಗೆ ಅವರು ಊಟಕ್ಕೆ ಹೋಗಿರುತ್ತಾರೆ. ಸೋಮವಾರವಾದರೆ ದಿನವಿಡೀ ಇಲ್ಲ. ಆಗಸ್ಟ್ ಆದರೆ ತಿಂಗಳೇ ಇಲ್ಲ."

"ಕ್ಲ್ಯೂನಿಯಿಂದ ಮುಂದೆ ಬ್ವಾ ಕ್ಲೇರ್ ಸುರಂಗ ಇದೆ. 1.6 ಕಿಲೋಮೀಟರು. ಚಳಿಗಾಲದಲ್ಲಿ ಅದೂ ಮುಚ್ಚುತ್ತಾರೆ," ಎಂದು ಮೇಷ್ಟ್ರು ಸೇರಿಸಿದರು. "ಒಳಗೆ ಬಾವಲಿಗಳು ಮಲಗುತ್ತವಂತೆ."

"ನೋಡಿದೆಯಾ ಸೀನು? ಬಾವಲಿಗೂ ನಿನ್ನದೇ ಅಭಿರುಚಿ. ಟ್ರಾಫಿಕ್ ಇಲ್ಲದ ಜಾಗ. ಅವಕ್ಕೆ ನೀನೇ ಟ್ರಾಫಿಕ್ಕು."

ಸೀನುವಿಗೆ ರೇಗಿತು. ಗ್ರಾವೆಲ್ ಎಂದರೆ ಸ್ವಾವಲಂಬನೆ, ಯಾರನ್ನೂ ನೆಚ್ಚದೆ ತನ್ನ ಸಾಮಾನು ತಾನೇ ಹೊತ್ತು, ತನ್ನ ರಿಪೇರಿ ತಾನೇ ಮಾಡಿಕೊಳ್ಳುವುದು, ಇದು ಕುಹಕಿಗಳಿಗೆ ತಿಳಿಯುವುದಿಲ್ಲ ಎಂದ. ಅದಕ್ಕೆ ನಾಣಿ ಒಂದು ಹಳೇ ಕಥೆ ತೆಗೆದ. 1913ರ ಟೂರ್ ದ ಫ್ರಾನ್ಸ್ ಸೈಕಲ್ ರೇಸು. ಆಗ ಪಿರನೀಸ್ ಬೆಟ್ಟದ ಮೇಲೆ ಟಾರೆಲ್ಲಿ ಬರಬೇಕು, ಎಲ್ಲ ಸೀನುವಿಗೆ ಇಷ್ಟವಾಗುವ ದಾರಿಯೇ. ತುರ್ಮಲೆ ಘಾಟಿ ಇಳಿಯುವಾಗ ಯುಜೆನ್ ಕ್ರಿಸ್ತೋಫ್ ಎಂಬಾತನ ಸೈಕಲ್ಲಿನ ಮುಂದಿನ ಫೋರ್ಕ್ ಮುರಿಯಿತು. ಅದನ್ನು ಹೊತ್ತು ಹತ್ತು ಹನ್ನೆರಡು ಕಿಲೋಮೀಟರ್ ನಡೆದು ಸಂತ್ ಮರೀ ದ ಕಾಂಪಾನ್ ಎಂಬ ಹಳ್ಳಿಯ ಕುಲುಮೆಗೆ ಬಂದ. ಬೇರೆಯವರ ಸಹಾಯ ಪಡೆಯಬಾರದು ಎಂದು ನಿಯಮ. ಅಧಿಕಾರಿಗಳು ಕಣ್ಣಿಟ್ಟು ನೋಡುತ್ತಿದ್ದರು. ತಾನೇ ಕಾಯಿಸಿ, ತಾನೇ ಬಡಿದು ಬೆಸೆದ. ಕೈ ಎರಡೇ ಇದ್ದವು, ತಿದಿ ಒತ್ತಲು ಒಬ್ಬ ಚಿಕ್ಕ ಹುಡುಗ ಬಂದ. ಅಷ್ಟಕ್ಕೇ ದಂಡ ಹಾಕಿದರು.

"ಅಯ್ಯೋ, ಪಾಪ," ಎಂದರು ಮೇಷ್ಟ್ರು.

"ಪಾಪವೇ. ಆದರೆ ಅಲ್ಲಿ ಕುಲುಮೆ ಇತ್ತು, ಹುಡುಗ ಇದ್ದ. ನಮ್ಮ ಸೀನುವಿನ ಫೋರ್ಕ್ ಪಾಸಾ ಪಾಯಿಸ್‌ನಲ್ಲಿ ಮುರಿದರೆ ಇವನಿಗೆ ದಂಡ ಹಾಕುವುದಕ್ಕೂ ಒಬ್ಬ ಗತಿಯಿಲ್ಲ."

ಎಲ್ಲರೂ ನಕ್ಕರು. ಸೀನುವೂ ನಕ್ಕ, ಸ್ವಲ್ಪ ತಡವಾಗಿ. ಅವನದೂ ಒಂದು ಮಾತು ನಿಜ. ಬೆಂಗಳೂರಿನಲ್ಲಿ ಕಾಲೇಜಿಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದ ಹುಡುಗ, ಒಂದು ಬಸ್ಸಿನ ಗಾಳಿಗೆ ಚರಂಡಿಗೆ ಬಿದ್ದು ಸೈಕಲ್ ಬಿಟ್ಟವನು, ಇಲ್ಲಿಗೆ ಬಂದ ಮೇಲೇ ಮತ್ತೆ ಹತ್ತಿದ್ದು. ನಾಣಿಗೂ ಅದು ಗೊತ್ತು.

"ಜಗಳ ನನಗೆ ಜಲ್ಲಿಯ ಜೊತೆ ಅಲ್ಲ ಕಣೋ," ಎಂದ ನಾಣಿ, ಸ್ವಲ್ಪ ಇಳಿದು. "ಪ್ಯಾರಿಸ್–ಬ್ರೆಸ್ತ್–ಪ್ಯಾರಿಸ್ ಅಂತ ಸೈಕಲ್ ಸವಾರಿ ಮಾಡುತ್ತಾರಲ್ಲ, ನಾಲ್ಕು ವರ್ಷಕ್ಕೊಮ್ಮೆ, 1200 ಕಿಲೋಮೀಟರು, 90 ಗಂಟೆ. ನಮ್ಮ ಬೆಂಗಳೂರಿನವರೂ ಬಂದು ಹೊಡೆಯುತ್ತಾರೆ. ಅಲ್ಲಿ ನಡುರಾತ್ರಿ ಹಳ್ಳಿಯ ಜನ ಮನೆ ಮುಂದೆ ಮೇಜು ಹಾಕಿ ಕಾಫಿ, ಕ್ರೆಪ್ ಇಟ್ಟುಕೊಂಡು ಕಾಯುತ್ತಾರೆ, ಯಾರೋ ಗುರುತಿಲ್ಲದವರಿಗೆ. ಅದು ದಾರಿ. ನಿನ್ನ ದಾರಿಯಲ್ಲಿ ಪ್ರತೀ ರೈಲ್ವೆ ಗೇಟಿಗೂ ಒಂದು ಪುಟ್ಟ ಮನೆ ಇದೆ, ನೋಡಿದ್ದೀಯಲ್ಲ? ಗೇಟು ಹಾಕುವ ಹೆಂಗಸು ಅಲ್ಲಿ ಸಂಸಾರ ಮಾಡಿಕೊಂಡಿರುತ್ತಿದ್ದಳು. ರೈಲು ಬರುವ ಹೊತ್ತಿಗೆ ಒಲೆ ಮೇಲಿನದನ್ನು ಬಿಟ್ಟು ಓಡುತ್ತಿದ್ದಳೋ ಏನೋ. ಈಗ ಅಂಥದ್ದರ ಮುಂದೆ ನಿಂತು ನೀನು 'ಆಹಾ, ಎಂಥ ನಿಶ್ಶಬ್ದ' ಎಂದು ಫೋಟೋ ಹಾಕುತ್ತೀಯ. ನನಗೆ ಅದೇ ತಡೆಯುವುದಿಲ್ಲ."

"ನಮ್ಮೂರ ಗೇಟಿನವನು ನನ್ನನ್ನು ಕಂಡರೆ ಅರ್ಧ ನಿಮಿಷ ತಡೆದು ಗೇಟು ಹಾಕುತ್ತಿದ್ದ," ಎಂದರು ಮೇಷ್ಟ್ರು. "ಈಗ ಅಲ್ಲಿ ಅಂಡರ್‌ಪಾಸು. ಮಳೆ ಬಂದರೆ ಅದೂ ಒಂದು ಕಾಲುವೆ."

"ಹಾಗಾದರೆ ಶನಿವಾರ ನನ್ನ ಜೊತೆ ಬನ್ನಿ," ಎಂದ ಸೀನು. "ಇಬ್ಬರಿಗೂ ಬಾಡಿಗೆ ಸೈಕಲ್ ಕೊಡಿಸುತ್ತೇನೆ. ಮೂರು ಜನ ಆದರೆ ದಾರಿ ಖಾಲಿ ಇರುವುದಿಲ್ಲವಲ್ಲ."

"ಬರುತ್ತೇವೆ. ಆದರೆ ಮೂರು ಜನ ಎಂದರೆ ಟ್ರಾಫಿಕ್ಕು. ನಿನ್ನ ಹಿಂದೆ ಬೆಲ್ ಹೊಡೆಯುತ್ತಲೇ ಬರುತ್ತೇನೆ. ನೀನೂ ಹೊಡೆಯಬೇಕು."

"ನನ್ನ ಸೈಕಲ್ಲಿಗೆ ಬೆಲ್ ಇಲ್ಲ. ತೂಕ ಜಾಸ್ತಿಯಾಗುತ್ತೆ ಅಂತ ತೆಗೆಸಿದೆ."

"ಬೆಲ್ ಇರಲೇಬೇಕು ಎಂದು ಈ ದೇಶದ ಕಾನೂನೇ ಇದೆ," ಎಂದರು ಮೇಷ್ಟ್ರು.

"ಅವರ ತೂಕದ ಲೆಕ್ಕ ನನಗೆ ಗೊತ್ತು ಬಿಡಿ ಅಪ್ಪ," ಎಂದಳು ಸುಮಿ, ಒಗ್ಗರಣೆ ಸೌಟು ಹಿಡಿದೇ ಬಂದು. "ಐವತ್ತು ಗ್ರಾಮಿನ ಬೆಲ್ ತೆಗೆಸುತ್ತಾರೆ, ಎರಡು ಕಿಲೋ ಪುಳಿಯೋಗರೆ ಕಟ್ಟಿಸಿಕೊಂಡು ಹೋಗುತ್ತಾರೆ."