ಸಮಸ್ಯೆ: ‘ನೋಡಿ ಕಳೆದನು ನೋಡಲೆಂದೇ ಹುಡುಕಿದವಳನ್ನು’

ಸಮಸ್ಯಾಪೂರಣ ಎಂದರೆ ಕೊಟ್ಟ ಒಂದು ತೊಡಕಿನ ಸಾಲಿಗೆ ಅರ್ಥ ಕೂಡುವಂತೆ ಪದ್ಯದ ಉಳಿದ ಸಾಲು ಕಟ್ಟುವುದು. ಈ ಸಲದ ಸಮಸ್ಯೆ ಆರು ಸಾಲಿನ ಭಾಮಿನಿ ಷಟ್ಪದಿಯ ಕೊನೆಯ ಸಾಲು:

ನೋಡಿ ಕಳೆದನು ನೋಡಲೆಂದೇ ಹುಡುಕಿದವಳನ್ನು

ಮೇಲಿನ ಐದು ಸಾಲು ನಿಮ್ಮವು. ಆದಿಪ್ರಾಸ (ಪ್ರತಿ ಸಾಲಿನ ಎರಡನೆಯ ಅಕ್ಷರ) ‘ಡ’, ಅದರ ಹಿಂದೆ ಗುರು (ಎರಡು ಮಾತ್ರೆಯ ಅಕ್ಷರ) ಇರಬೇಕು. ಹಾಡಿ, ಕಾಡಿ, ಕೂಡಿ, ಬೇಡಿ, ಮೂಡಿ, ಬಾಡಿ... ಪ್ರಾಸಕ್ಕೇನೂ ಬರವಿಲ್ಲ. ತೊಡಕು ಇರುವುದು ಅರ್ಥದಲ್ಲಿ. ಅವನು ಅವಳನ್ನು ಹುಡುಕಿದ್ದೇ ನೋಡುವುದಕ್ಕೆ. ನೋಡಿದ ಮೇಲೆ ಸಿಕ್ಕಂತೆ, ಅಲ್ವಾ? ಇಲ್ಲಿ ನೋಡಿದ್ದಕ್ಕೇ ಕಳೆದುಹೋದಳು. ಹೀಗೂ ಆಗುತ್ತದೆಯೇ?

ಗ್ರೀಕರ ಕಥೆಯೊಂದರಲ್ಲಿ ಹೀಗೇ ಆಗಿದೆ. ಥ್ರೇಸ್ ನಾಡಿನ ಆರ್ಫಿಯಸ್ ಲೈರ್ ಎಂಬ ತಂತಿವಾದ್ಯ ನುಡಿಸುತ್ತ ಹಾಡಿದರೆ ಮರಗಳೂ ಕಲ್ಲುಗಳೂ ಅವನ ಹಿಂದೆ ಬರುತ್ತಿದ್ದವು. ಅವನ ಹೆಂಡತಿ ಯುರಿಡಿಸಿ. ಮದುವೆಯಾದ ಹೊಸದರಲ್ಲೇ ಹುಲ್ಲಿನಲ್ಲಿದ್ದ ಹಾವು ಅವಳ ಕಾಲಿಗೆ ಕಚ್ಚಿತು. ಅವಳು ಸತ್ತಳು. ಆರ್ಫಿಯಸ್ ಬದುಕಿದ್ದಂತೆಯೇ ಪಾತಾಳಕ್ಕೆ ಇಳಿದು, ಸತ್ತವರ ಒಡೆಯ ಹೇಡಿಸ್ ಮತ್ತು ಅವನ ರಾಣಿ ಪರ್ಸಿಫೊನಿಯ ಮುಂದೆ ನಿಂತು ಹಾಡಿದ. ಆ ಹಾಡಿಗೆ, ಶಿಕ್ಷೆಯಾಗಿ ಇಕ್ಸಿಯಾನನನ್ನು ಕಟ್ಟಿಹಾಕಿದ್ದ ಚಕ್ರ ತಿರುಗುವುದನ್ನು ಬಿಟ್ಟು ನಿಂತಿತು. ಬೆಟ್ಟಕ್ಕೆ ಬಂಡೆ ಉರುಳಿಸುವ ಶಿಕ್ಷೆಯಲ್ಲಿದ್ದ ಸಿಸಿಫಸ್ ಅದೇ ಬಂಡೆಯ ಮೇಲೆ ಕೂತು ಕೇಳಿದ. ಯುರಿಡಿಸಿಯನ್ನು ಕಳಿಸಿಕೊಡಲು ಹೇಡಿಸ್ ಒಪ್ಪಿದ, ಆದರೆ ಒಂದು ಷರತ್ತು ಹಾಕಿದ. ಅವಳು ಹಿಂದೆ ಬರುತ್ತಾಳೆ, ಮೇಲೆ ತಲುಪುವ ತನಕ ನೀನು ತಿರುಗಿ ನೋಡಬಾರದು.

ಇನ್ನೇನು ಹೊರಗೆ ಬರಬೇಕು, ಅಷ್ಟರಲ್ಲಿ ಅವನು ತಿರುಗಿದ.

ನನ್ನ ಮೊದಲ ಪೂರಣ:

ಹೇಡಿಸನ ಕಲ್ಮನವ ಕರಗಿಸಿ
ಹಾಡಿ ಪಡೆದನು ಮಡದಿಯುಸಿರನು
ಕೂಡಿ ನಡೆದರು ಮೌನದಲಿ ಕತ್ತಲೆಯ ದಾರಿಯಲಿ
ಮೂಡಿತೆನ್ನಲು ಬೆಳಕು, ಕಣ್ಣನು
ದೂಡಿತೊಲವೇ ಹಿಂದೆ ತಾಳದೆ
ನೋಡಿ ಕಳೆದನು ನೋಡಲೆಂದೇ ಹುಡುಕಿದವಳನ್ನು

ಪಾತಾಳದ ಒಡೆಯನ ಹೆಸರೇ ಪ್ರಾಸಕ್ಕೆ ಒದಗಿ ಬಂದದ್ದು ಖುಷಿಯಾಯಿತು. ಅವನ ಹೆಸರು ಬಂದ ಮೇಲೆ ಇದು ಯಾವ ಕಥೆ ಎಂದು ಬೇರೆ ಹೇಳಬೇಕಾಗಿಲ್ಲ.

ಈ ಪದ್ಯದ ಕೀಲಕ, ಅಂದರೆ ಸಮಸ್ಯೆ ಬಿಡಿಸುವ ಕೀಲಿ, ಐದನೆಯ ಸಾಲಿನಲ್ಲಿದೆ. ಅವನು ಯಾಕೆ ತಿರುಗಿದ? ಇದಕ್ಕೆ ಉತ್ತರ ಕೊಡದೆ ಸಮಸ್ಯೆ ಬಿಡಿಸಿದರೆ ಕಥೆ ಹೇಳಿದ ಹಾಗಾಗುತ್ತದೆ, ಪೂರಣ ಆಗುವುದಿಲ್ಲ. ಹಳೆಯ ಕವಿಗಳೂ ಇದೇ ಜಾಗದಲ್ಲಿ ಬೇರೆ ಬೇರೆ ದಾರಿ ಹಿಡಿದಿದ್ದಾರೆ. ಲ್ಯಾಟಿನ್ ಕವಿ ವರ್ಜಿಲ್ ಕ್ರಿ.ಪೂ. 29ರ ಸುಮಾರಿಗೆ ಮುಗಿಸಿದ ‘ಜಾರ್ಜಿಕ್ಸ್’ನ ನಾಲ್ಕನೆಯ ಭಾಗದಲ್ಲಿ ಈ ಕಥೆ ಹೇಳುತ್ತಾನೆ. ಅವನ ಪ್ರಕಾರ ಪ್ರೇಮಿಯನ್ನು ಹಿಡಿದದ್ದು ಒಂದು ಕ್ಷಣದ ಹುಚ್ಚು. ಕ್ಷಮಿಸಬಹುದಾದ ಹುಚ್ಚು, ಆದರೆ ಸತ್ತವರ ಲೋಕಕ್ಕೆ ಕ್ಷಮಿಸುವುದು ಗೊತ್ತಿಲ್ಲ. ನನ್ನ ಮೊದಲ ಪದ್ಯ ಈ ದಾರಿಗೆ ಹತ್ತಿರ.

ಸುಮಾರು ಕ್ರಿ.ಶ. 8ರಲ್ಲಿ ಓವಿಡ್ ‘ಮೆಟಮಾರ್ಫಸೀಸ್’ನ ಹತ್ತನೆಯ ಭಾಗದಲ್ಲಿ ಇದನ್ನೇ ಬೇರೆ ಥರ ಹೇಳಿದ. ನನಗೆ ಜಾಸ್ತಿ ಇಷ್ಟವಾಗುವುದು ಇವನದು. ಓವಿಡನ ಯುರಿಡಿಸಿ ನೆರಳುಗಳ ನಡುವಿನಿಂದ ಬರುವಾಗ ಹಾವು ಕಚ್ಚಿದ ಕಾಲು ಎಳೆಯುತ್ತ ನಿಧಾನಕ್ಕೆ ಬರುತ್ತಾಳೆ. ಸತ್ತ ಮೇಲೂ ಆ ಗಾಯ ಹೋಗಿಲ್ಲ. ಮುಂದೆ ಕಡಿದಾದ ಏರು ದಾರಿ, ಕತ್ತಲು, ಎಲ್ಲೂ ಸದ್ದಿಲ್ಲ. ಅವಳಿಗೆ ಹತ್ತಲು ಆಗುತ್ತಿದೆಯೋ ಇಲ್ಲವೋ ಎಂದು ಅವನಿಗೆ ಹೆದರಿಕೆ, ನೋಡಬೇಕೆಂಬ ಆಸೆಯೂ ಅಷ್ಟೇ. ಕುಂಟುವ ಹೆಂಡತಿಯನ್ನು ಹಿಂದೆ ಬಿಟ್ಟುಕೊಂಡು ತಿರುಗದೆ ನಡೆಯುವುದು ಎಂಥ ಕಷ್ಟ! ಇದನ್ನು ಓದಿದ ಮೇಲೆ ಆರ್ಫಿಯಸನನ್ನು ದುಡುಕಿದವನು ಎಂದು ಬೈಯಲು ನನ್ನಿಂದ ಆಗುವುದಿಲ್ಲ.

ಅವಳೂ ಬೈಯುವುದಿಲ್ಲ. ವರ್ಜಿಲನ ಯುರಿಡಿಸಿ ‘ಇದೆಂಥ ಹುಚ್ಚು ನಮ್ಮಿಬ್ಬರನ್ನೂ ಹಾಳು ಮಾಡಿತು’ ಎಂದು ಗೋಳಾಡುತ್ತಾಳೆ. ಓವಿಡನ ಯುರಿಡಿಸಿ ದೂರುವುದೇ ಇಲ್ಲ. ಏನೆಂದು ದೂರಬೇಕು, ತನ್ನನ್ನು ಪ್ರೀತಿಸಿದ ಎಂದೇ? ಅವಳು ಹೇಳಿದ ಕೊನೆಯ ‘ಹೋಗಿ ಬರುತ್ತೇನೆ’ ಅವನ ಕಿವಿಗೆ ಸರಿಯಾಗಿ ಮುಟ್ಟಲೂ ಇಲ್ಲ. ಅವಳ ಕಡೆಯಿಂದಲೂ ಒಂದು ಪದ್ಯ ಬೇಕು ಅನಿಸಿತು:

ಆಡಲಿಲ್ಲವಳೊಂದು ದೂರನು
ಬಾಡಿದಾ ತುಟಿಯಿಂದ ಹೊರಟುದು
ಕಾಡ ಗಾಳಿಯ ಹಾಗೆ ಸಣ್ಣಗೆ ಬರಿಯ ಬೀಳ್ಕೊಡುಗೆ
ನೀಡಬಹುದೇ ಶಾಪವೊಲವಿಗೆ?
ಕಾಡಿದಳುಕಿಗೆ ಸೋತು ತಿರುಗುತ
ನೋಡಿ ಕಳೆದನು ನೋಡಲೆಂದೇ ಹುಡುಕಿದವಳನ್ನು

ಮೊದಲನೆಯದರಲ್ಲಿ ಕಣ್ಣನ್ನು ತಿರುಗಿಸಿದ್ದು ಒಲವು, ಇದರಲ್ಲಿ ಅಳುಕು. ಸಾಲು ಅದೇ, ತಿರುಗಿದವನು ಮಾತ್ರ ಬೇರೆ ಮನುಷ್ಯ. ಸಮಸ್ಯಾಪೂರಣದಲ್ಲಿ ನನಗೆ ತುಂಬ ಇಷ್ಟವಾದದ್ದು ಇದೇ.

ನಮ್ಮ ಮಹಾಭಾರತದ ಆದಿಪರ್ವದಲ್ಲಿ ರುರು–ಪ್ರಮದ್ವರೆಯರ ಕಥೆ ಇದೆ. ಅಲ್ಲೂ ಹಾವು, ಅಲ್ಲೂ ಮದುವೆಯ ಹೊತ್ತು. ರುರು ತನ್ನ ಆಯುಸ್ಸಿನಲ್ಲಿ ಅರ್ಧ ಕೊಟ್ಟು ಅವಳನ್ನು ಬದುಕಿಸಿಕೊಂಡ. ಅಲ್ಲಿ ಕೇಳಿದ್ದು ಆಯುಸ್ಸು, ಅವನು ಕೊಟ್ಟುಬಿಟ್ಟ. ಗ್ರೀಕರ ಕಥೆಯಲ್ಲಿ ಕೇಳಿದ್ದು ನೋಡದೆ ನಂಬುವುದನ್ನು. ನನಗೇನೋ ಆಯುಸ್ಸು ಕೊಡುವುದೇ ಸುಲಭ ಅನಿಸುತ್ತದೆ.

ಆರ್ಫಿಯಸ್ ಮತ್ತೆ ಪಾತಾಳದ ಹೊಳೆ ದಾಟಲು ಹೋದಾಗ ಅಂಬಿಗ ಬಿಡಲಿಲ್ಲ. ಅನ್ನ ನೀರಿಲ್ಲದೆ 7 ದಿನ ದಡದಲ್ಲಿ ಕೂತ ಎನ್ನುತ್ತಾನೆ ಓವಿಡ್. ಕೊನೆಗೆ ಥ್ರೇಸಿನ ಉನ್ಮತ್ತ ಹೆಂಗಸರು ಅವನನ್ನು ಸಿಗಿದು ಹಾಕಿದರು. ಹೆಬ್ರಸ್ ನದಿಯಲ್ಲಿ ತೇಲಿದ ತಲೆ ಆಗಲೂ ಏನೋ ಗೊಣಗುತ್ತಿತ್ತಂತೆ. ಸತ್ತ ಮೇಲೆ ಇಬ್ಬರೂ ಕೆಳಗೆ ಒಂದಾದರು. ಅಲ್ಲಿ ಒಮ್ಮೆ ಜೊತೆಯಾಗಿ, ಒಮ್ಮೆ ಹಿಂದೆ ಮುಂದೆ ನಡೆಯುತ್ತಾರೆ. ಅವನು ಮುಂದೆ ಇದ್ದಾಗ ಹೆದರದೆ ತಿರುಗಿ ನೋಡುತ್ತಾನೆ. ಇದನ್ನು ಈ ಸಾಲಿಗೆ ಒಗ್ಗಿಸಲು ಹೋಗಬೇಡಿ, ಒಗ್ಗುವುದಿಲ್ಲ. ಬೇಕಾದವರಿಗೆ ಇನ್ನೊಂದು ಸಾಲು: ‘ನೋಡಿ ಪಡೆದನು ನೋಡಿ ಕಳೆದಾ ಮಡದಿಯನು ಮರಳಿ’.

ಯಾರಾದರೂ ಕೈ ಹಾಕಲಿ ಎಂದು ನಾನು ಬಿಟ್ಟಿರುವ ಕೀಲಕವೂ ಒಂದಿದೆ. ಪ್ಲೇಟೋನ ‘ಸಿಂಪೋಸಿಯಂ’ ಎಂಬ ಸಂವಾದದಲ್ಲಿ ಫೀಡ್ರಸ್ ಎಂಬವನು ಆರ್ಫಿಯಸನನ್ನು ಹಳಿಯುತ್ತಾನೆ. ಗಂಡನಿಗಾಗಿ ಸಾಯಲು ಮುಂದೆ ಬಂದ ಅಲ್ಸೆಸ್ಟಿಸ್‌ಳನ್ನು ದೇವರುಗಳು ಮರಳಿ ಕಳಿಸಿದರು. ಸಾಯುವ ಧೈರ್ಯವಿಲ್ಲದೆ ಉಪಾಯದಿಂದ ಒಳಗೆ ಬಂದ ಈ ಹಾಡುಗಾರನಿಗೆ ಹೆಂಡತಿಯ ಬರೀ ನೆರಳನ್ನು ತೋರಿಸಿ ಕಳಿಸಿದರು ಎನ್ನುತ್ತಾನೆ ಅವನು. ಹಾಗಾದರೆ ಅವನು ನೋಡಿದ್ದು ಯಾರನ್ನು, ಕಳೆದದ್ದು ಯಾರನ್ನು? ನಾನು ಫೀಡ್ರಸನ ಮಾತು ಒಪ್ಪುವುದಿಲ್ಲ, ಆದರೆ ಈ ಸಾಲಿಗೆ ಅದು ಚೆನ್ನಾಗಿ ಕೂರುತ್ತದೆ. ‘ಮೋಡಿ’ ಎಂಬ ಪದವನ್ನು ಯಾರೂ ಇನ್ನೂ ಮುಟ್ಟಿಲ್ಲ. ಅಲ್ಲಿಂದ ಶುರು ಮಾಡಿ.